ಮೂರು ಫೇಸ್ ಇದ್ದರೂ ಮೇನ್ ಯಾಕೆ ಬೀಳುತ್ತದೆ? ದೊಡ್ಡ ಮನೆಯ ಲೋಡ್ ದೋಷ ಹುಡುಕುವ ಬಗೆ

ಅಕ್ಕನ ಮಗಳ ಮದುವೆ. ಚಪ್ಪರದ ದಿನ ಬೆಳಿಗ್ಗೆ ಆರೂಕಾಲಿಗೆ ಮೈಸೂರಿನ ಅವರ ಮನೆಯಲ್ಲಿ ಮೇನ್ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಆಫ್ ಆಗುವ ಮುಖ್ಯ ಸ್ವಿಚ್) ಬಿತ್ತು. ಯಾರೋ ಎತ್ತಿದರು. ಇಪ್ಪತ್ತು ನಿಮಿಷಕ್ಕೆ ಮತ್ತೆ ಬಿತ್ತು. ಮೂರನೇ ಸಲ ಎತ್ತಲು ಹೋದರೆ ಲಿವರ್ ನಿಲ್ಲಲೇ ಇಲ್ಲ. ಮನೆ ತುಂಬ ನೆಂಟರು, ಅರ್ಧ ಜನಕ್ಕೆ ಸ್ನಾನ ಆಗಿಲ್ಲ. ಮುಖಕ್ಕೆ ಸೋಪು ಹಚ್ಚಿಕೊಂಡಿದ್ದ ಒಬ್ಬರು ಕತ್ತಲೆ ಬಚ್ಚಲಿಂದಲೇ ಕೂಗುತ್ತಿದ್ದರು.

ಭಾವ ಆಗಲೇ ಒಬ್ಬ ವೈರ್‌ಮನ್‌ಗೆ ಫೋನ್ ಮಾಡಿದ್ದರು. "32 ತೆಗೆದು 63 ಹಾಕ್ಬಿಡೋಣ ಸಾರ್, ಅರ್ಧ ಗಂಟೆ ಕೆಲಸ" ಅಂದನಂತೆ, ಅಂದರೆ 32 ಆಂಪಿಯರ್‌ನ ಎಂಸಿಬಿ ಬದಲು 63ರದು. ಭಾವನದು ಬೇರೆ ಚಿಂತೆ. "ಮನೆ ಕಟ್ಟುವಾಗಲೇ ಜಾಸ್ತಿ ಲೋಡ್ ತಗೋಬೇಕಿತ್ತು ಕಣಪ್ಪ. 10 ಕಿಲೋವ್ಯಾಟ್ ಈ ಮನೆಗೆ ಎಲ್ಲಿ ಸಾಕಾಗುತ್ತೆ?" ಅಂದರು.

ಆ ಹೊತ್ತಿಗೆ ನಾನು ಮಾಡಿದ್ದು ಇಷ್ಟೇ. ಕೆಳಗಿನ ಮೂರು ಗೀಸರ್‌ಗಳಲ್ಲಿ ಎರಡನ್ನು ಆಫ್ ಮಾಡಿಸಿದೆ. ಹಿತ್ತಲಲ್ಲಿ ಅಡುಗೆಯವರ ಒಲೆ ಉರಿಯುತ್ತಿತ್ತು, ಅದರ ಮೇಲೆ ಹಂಡೆ ಇಡಿಸಿದೆ. ಐದು ನಿಮಿಷ ಬಿಟ್ಟು ಮೇನ್ ಎತ್ತಿದೆ, ನಿಂತಿತು. ನಿಜವಾದ ಪರೀಕ್ಷೆ ನಡೆದದ್ದು ಬೀಗರ ಔತಣ ಎಲ್ಲ ಮುಗಿದು ಮನೆ ಖಾಲಿಯಾದ ಮೇಲೆ.

ಈ ವೈರಿಂಗ್ ಕೆಲಸದಲ್ಲಿ ಇಪ್ಪತ್ತು ವರ್ಷ ಕಳೆದಿದ್ದೇನೆ. ದೊಡ್ಡ ಮನೆಗಳಲ್ಲಿ ಮೇನ್ ಬಿದ್ದಾಗ "ಸರ್ವಿಸ್ ಸಾಲುತ್ತಿಲ್ಲ" ಅನ್ನುವುದೇ ಎಲ್ಲರ ಮೊದಲ ಮಾತು. ಎಷ್ಟೋ ಸಲ ಅದು ತಪ್ಪು. ಸರ್ವಿಸ್ ಸಾಕಷ್ಟಿರುತ್ತದೆ, ಮೂರು ಫೇಸ್‌ಗೆ (ಮನೆಗೆ ಕರೆಂಟು ತರುವ ಮೂರು ಲೈನ್‌ಗಳಿಗೆ) ಹಂಚಿದ್ದು ಸರಿ ಇರುವುದಿಲ್ಲ. ಅಳೆದು ನೋಡುವ ಮೊದಲು ಲೋಡ್ ಹೆಚ್ಚಿಸಲು ಅರ್ಜಿ ಹಾಕಬೇಡಿ, ಎಂಸಿಬಿಯನ್ನಂತೂ ಮುಟ್ಟಲೇಬೇಡಿ.

ಯಾವುದು ಬಿತ್ತು, ಎಷ್ಟು ಹೊತ್ತಿಗೆ ಬಿತ್ತು?

ಡಿಬಿ (ಎಂಸಿಬಿಗಳೆಲ್ಲ ಕೂತಿರುವ ಪೆಟ್ಟಿಗೆ) ಮುಂದೆ ನಿಂತು ಮೊದಲು ನೋಡಬೇಕಾದ್ದು ಬಿದ್ದಿರುವುದು ಎಂಸಿಬಿಯೋ ಆರ್‌ಸಿಸಿಬಿಯೋ ಅನ್ನುವುದು. ಎರಡೂ ನೋಡಲು ಅಣ್ಣ ತಮ್ಮನ ಹಾಗಿರುತ್ತವೆ. ಟೆಸ್ಟ್ ಅಂತ ಒಂದು ಸಣ್ಣ ಗುಂಡಿ ಇರುವುದು ಆರ್‌ಸಿಸಿಬಿ. ಅದಕ್ಕೆ ಲೋಡ್ ಎಷ್ಟು ಅನ್ನುವುದು ಗೊತ್ತೇ ಆಗುವುದಿಲ್ಲ. ಹೋದ ಕರೆಂಟು ನ್ಯೂಟ್ರಲ್ ಅನ್ನುವ ವಾಪಸಿನ ವೈರ್‌ನಲ್ಲಿ ಪೂರ್ತಿ ಬರದೆ ಎಲ್ಲೋ ಸೋರಿದರೆ ಬೀಳುತ್ತದೆ. ಮನೆಗಳಲ್ಲಿ ಹಾಕುವುದು ಸಾಮಾನ್ಯವಾಗಿ 30 ಮಿಲಿ ಆಂಪಿಯರ್‌ನದು. ಅದು ಬಿದ್ದಿದ್ದರೆ ಈ ಬರಹದ ಉಳಿದ ಭಾಗ ನಿಮಗಲ್ಲ, ಗೀಸರ್‌ಗಳನ್ನು ಒಂದೊಂದಾಗಿ ಬಿಡಿಸಿ ನೋಡಿ. ಹಳೇ ಗೀಸರ್‌ನ ಕಾಯಿಲ್ ಸೀಳಿ ನೀರು ಒಳಗೆ ಹೋಗಿರುವುದೇ ಹೆಚ್ಚು.

ಬಿದ್ದಿರುವುದು ಎಂಸಿಬಿಯಾದರೆ ಗಡಿಯಾರ ನೋಡಿ. ಸ್ವಿಚ್ ಹಾಕಿದ ಕ್ಷಣವೇ ಪಟ್ ಅಂತ ಬಿದ್ದರೆ ಶಾರ್ಟ್ ಇರಬಹುದು, ಇಲ್ಲವೇ ಮೋಟಾರ್ ಎಳೆಯುವ ಮೊದಲ ಏಟಿನ ಕರೆಂಟು. 'ಸಿ' ಮಾದರಿಯ ಎಂಸಿಬಿ ತನ್ನ ರೇಟಿಂಗ್‌ನ 5ರಿಂದ 10 ಪಟ್ಟು ಕರೆಂಟ್‌ಗೆ ತಕ್ಷಣ ಬೀಳುತ್ತದೆ. ಹತ್ತಿಪ್ಪತ್ತು ನಿಮಿಷ ನಿಂತು ಆಮೇಲೆ ಬಿದ್ದರೆ ಅದು ಓವರ್‌ಲೋಡ್. ಒಳಗಿನ ಲೋಹದ ಪಟ್ಟಿ ಕಾದು ಬಗ್ಗಿ ಲಾಚ್ ಬಿಡಿಸಿರುತ್ತದೆ. ಅದು ಆರುವ ತನಕ ಲಿವರ್ ನಿಲ್ಲುವುದಿಲ್ಲ. ಅಂದು ಮೂರನೇ ಸಲ ನಿಲ್ಲದೇ ಇದ್ದದ್ದಕ್ಕೆ ಕಾರಣ ಇದೇ. "ಎಂಸಿಬಿ ಕೆಟ್ಟೋಯ್ತು" ಅಂತ ಬದಲಾಯಿಸುವುದು ಕೂಡ ಇಲ್ಲೇ.

ಇನ್ನೊಂದು ಮಾತು. 32 ಆಂಪಿಯರ್ ಎಂಸಿಬಿ 33ಕ್ಕೆ ಬೀಳುವುದಿಲ್ಲ. ರೇಟಿಂಗ್‌ನ 1.13 ಪಟ್ಟಿನ ತನಕ ಒಂದು ಗಂಟೆಯೊಳಗೆ ಅದು ಬೀಳಕೂಡದು, 1.45 ಪಟ್ಟಾದರೆ ಒಂದು ಗಂಟೆಯೊಳಗೆ ಬೀಳಲೇಬೇಕು ಅನ್ನುವುದು ಸ್ಟ್ಯಾಂಡರ್ಡ್. 32ಕ್ಕೆ ಲೆಕ್ಕ ಹಾಕಿದರೆ 36 ಮತ್ತು 46. ಇಪ್ಪತ್ತೇ ನಿಮಿಷಕ್ಕೆ ಬೀಳುತ್ತಿದೆ ಅಂದರೆ ಯಾವುದೋ ಒಂದು ಫೇಸ್‌ನಲ್ಲಿ 36 ಅಂತೂ ದಾಟಿರಬೇಕು, 46ನ್ನೂ ದಾಟಿರಬಹುದು. ಮೀಟರ್ ಹಿಡಿಯುವ ಮೊದಲೇ ಇಷ್ಟು ಗೊತ್ತಾಯಿತು.

ಕ್ಲ್ಯಾಂಪ್ ಮೀಟರ್ ಹೇಳಿದ್ದು

ಮೂರು ದಿನ ಬಿಟ್ಟು ಬೆಳಿಗ್ಗೆ ಅದೇ ಹೊತ್ತಿಗೆ ಹೋದೆ. ಚಪ್ಪರದ ದಿನ ಏನೇನು ಓಡುತ್ತಿತ್ತೋ ಎಲ್ಲ ಹಾಕಿಸಿದೆ. ಅಕ್ಕ ಇಂಡಕ್ಷನ್ ಒಲೆ ಮೇಲೆ ದೊಡ್ಡ ಪಾತ್ರೆಯಲ್ಲಿ ನೀರಿಟ್ಟರು. ವಾಷಿಂಗ್ ಮೆಷಿನ್ ಬಿಸಿನೀರಿನ ವಾಶ್‌ಗೆ ಬಿತ್ತು. ಸಂಪ್ ಮೋಟಾರ್ ಹಾಕಿದ್ದಾಯಿತು. ಡಿಬಿಯ ಮುಚ್ಚಳ ತೆಗೆದು ಮೇನ್‌ನಿಂದ ಹೊರಡುವ ನಾಲ್ಕು ವೈರ್‌ಗೂ ಒಂದೊಂದಾಗಿ, ವೈರ್ ಸುತ್ತ ಹಿಡಿದು ಕರೆಂಟು ಅಳೆಯುವ ಕ್ಲ್ಯಾಂಪ್ ಮೀಟರ್ ಹಾಕಿದೆ. (ಮುಚ್ಚಳ ತೆಗೆದ ಡಿಬಿಯಲ್ಲಿ ಕರೆಂಟು ಇರುತ್ತದೆ. ಇದನ್ನು ಪರ್ಮಿಟ್ ಇರುವವರಿಂದಲೇ ಮಾಡಿಸಿ. ನೀವು ಪಕ್ಕದಲ್ಲಿ ನಿಂತು ಅಂಕಿ ಬರೆದುಕೊಳ್ಳಿ.)

ಆರ್ ಫೇಸ್ 50 ಆಂಪಿಯರ್. ವೈ ಫೇಸ್ 11. ಬಿ ಫೇಸ್ 3.

ಭಾವ ಬಗ್ಗಿ ನೋಡಿದರು. "ಇದೇನೋ ಇದು, ಒಬ್ಬನ ತಲೆ ಮೇಲೇ ಎಲ್ಲ ಹೊರೆ!" ಅಂದರು.

ಮೂರೂ ಸೇರಿದರೆ 64. ಸಮವಾಗಿ ಹಂಚಿದರೆ ಫೇಸ್‌ಗೆ 21 ಚಿಲ್ಲರೆ. 32ರ ಎಂಸಿಬಿಗೆ ಅದು ಏನೂ ಅಲ್ಲ. ಆದರೆ ನಾಲ್ಕು ಪೋಲ್‌ನ (ವೈರ್‌ಗೊಂದು ಸ್ವಿಚ್ ಇರುವ) ಎಂಸಿಬಿಯಲ್ಲಿ ಲಿವರ್‌ಗಳೆಲ್ಲ ಒಂದಕ್ಕೊಂದು ಕೂಡಿಸಿರುತ್ತವೆ. ಒಂದು ಪೋಲ್ ಕಾದರೂ ನಾಲ್ಕೂ ಬೀಳುತ್ತವೆ. ಮನೆ ಪೂರ್ತಿ ಕತ್ತಲಾಗುತ್ತದೆ, ನೋಡಿದವರಿಗೆ ಇಡೀ ಸರ್ವಿಸ್ಸೇ ಸಾಲುತ್ತಿಲ್ಲ ಅನ್ನಿಸುತ್ತದೆ.

ಹೀಗಾಗಿದ್ದು ಯಾಕೆ ಅಂತ ಡಿಬಿಯೇ ಹೇಳುತ್ತಿತ್ತು. ವೈರಿಂಗ್ ಮಾಡಿದವರು ಮಹಡಿಗೊಂದು ಫೇಸ್ ಕೊಟ್ಟಿದ್ದರು. ನೆಲಮಹಡಿಗೆ ಆರ್, ಮೊದಲ ಮಹಡಿಗೆ ವೈ, ಎರಡನೆಯದಕ್ಕೆ ಬಿ. ಡ್ರಾಯಿಂಗ್‌ನಲ್ಲಿ ನೋಡಲು ಬಲು ಅಚ್ಚುಕಟ್ಟು. ಆದರೆ ಜನ ಮಹಡಿ ಲೆಕ್ಕದಲ್ಲಿ ಕರೆಂಟು ಖರ್ಚು ಮಾಡುವುದಿಲ್ಲ. ಅಡುಗೆಮನೆ ಕೆಳಗೆ, ಬಟ್ಟೆ ಒಗೆಯುವುದು ಕೆಳಗೆ, ಮೋಟಾರ್ ಕೆಳಗೆ. ಐದು ಬಚ್ಚಲಲ್ಲಿ ಮೂರು ಕೆಳಗೆ. ಎರಡು ಕಿಲೋವ್ಯಾಟ್‌ನ ಒಂದು ಗೀಸರ್ 230 ವೋಲ್ಟ್‌ನಲ್ಲಿ 8.7 ಆಂಪಿಯರ್ ಎಳೆಯುತ್ತದೆ. ಮೂರಕ್ಕೆ 26 ಆಯಿತಲ್ಲ? ಇಂಡಕ್ಷನ್ ಎಂಟೂವರೆ, ಮೆಷಿನ್‌ನ ಹೀಟರ್ ಎಂಟೂವರೆ, ಮೋಟಾರ್ 5, ಫ್ರಿಜ್ ಲೈಟು ಸೇರಿ 2. ಎರಡನೇ ಮಹಡಿಯಲ್ಲಿ ಇರುವುದು ಒಂದು ಹಾಲು, ಒಂದು ದೇವರ ಮನೆ. ದೇವರಿಗೆ ಗೀಸರ್ ಬೇಡ.

ನ್ಯೂಟ್ರಲ್ ನೋಡಲು ಮರೆಯಬೇಡಿ

ನಾಲ್ಕನೇ ವೈರ್‌ನ ಅಂಕಿ ಇನ್ನೂ ಹೇಳಿಲ್ಲ. ನ್ಯೂಟ್ರಲ್‌ನಲ್ಲಿ ಓಡುತ್ತಿದ್ದದ್ದು 43 ಆಂಪಿಯರ್.

ಮೂರು ಫೇಸ್ ಸಮ ಇದ್ದರೆ ಅವುಗಳ ಕರೆಂಟು ನ್ಯೂಟ್ರಲ್‌ನಲ್ಲಿ ಒಂದನ್ನೊಂದು ಹೊಡೆದುಹಾಕಿ ಸೊನ್ನೆಯ ಹತ್ತಿರ ಬರುತ್ತದೆ. ಒಂದೇ ಫೇಸ್ ದುಡಿಯುತ್ತಿದ್ದರೆ ಹೆಚ್ಚುಕಮ್ಮಿ ಅಷ್ಟೂ ನ್ಯೂಟ್ರಲ್‌ನಲ್ಲೇ ವಾಪಸ್ ಹೋಗಬೇಕು. ಮೇನ್ ಆಫ್ ಮಾಡಿ, ಟೆಸ್ಟರ್ ಇಟ್ಟು ಖಾತ್ರಿ ಮಾಡಿಕೊಂಡು, ನ್ಯೂಟ್ರಲ್ ವೈರ್‌ಗಳೆಲ್ಲ ಬಂದು ಕೂಡುವ ಲಿಂಕ್ ಬಿಚ್ಚಿದೆ. ಕಪ್ಪು ವೈರ್‌ನ ಇನ್ಸುಲೇಶನ್ ತುದಿಯಲ್ಲಿ ಅರ್ಧ ಇಂಚು ಗಟ್ಟಿಯಾಗಿ ಬಿಸ್ಕತ್ತಿನ ಹಾಗೆ ಪುಡಿಯಾಗುತ್ತಿತ್ತು. ಹಿತ್ತಾಳೆ ಸ್ಕ್ರೂ ಕಂದು ತಿರುಗಿತ್ತು. ಸ್ಕ್ರೂಡ್ರೈವರ್ ಹಾಕಿದರೆ ಪೂರ್ತಿ ಒಂದು ಸುತ್ತು ಬಿಗಿಯಾಯಿತು. ಅಷ್ಟು ಸಡಿಲ.

ಮೈ ಜುಮ್ಮೆಂದಿತು. ಇಂಥ ಜೋಡಣೆ ಎಂದಾದರೂ ಪೂರ್ತಿ ಬಿಟ್ಟುಕೊಂಡರೆ ಏನಾಗುತ್ತದೆ ಅಂತ ಅಲ್ಲೇ ಲೆಕ್ಕ ಹಾಕಿ ಭಾವನಿಗೆ ತೋರಿಸಿದೆ. ಅದೇ 50, 11, 3ರ ಲೋಡ್ ಓಡುತ್ತಿರುವಾಗ ನ್ಯೂಟ್ರಲ್ ಹೋದರೆ ಆರ್ ಫೇಸ್‌ನ ಸಾಮಾನಿಗೆ ಸುಮಾರು 80 ವೋಲ್ಟ್ ಸಿಗುತ್ತದೆ. ವೈ ಫೇಸ್ 320ರ ಹತ್ತಿರ ಹೋಗುತ್ತದೆ. ಪಾಪ, ಏನೂ ಕೆಲಸ ಮಾಡದೆ ಕೂತಿದ್ದ ಬಿ ಫೇಸ್‌ನ ಟಿವಿ, ಲೈಟುಗಳ ಮೇಲೆ 350 ಬೀಳುತ್ತದೆ. ಯಾವ ಎಂಸಿಬಿಯೂ ಇದನ್ನು ತಡೆಯುವುದಿಲ್ಲ, ಯಾಕೆಂದರೆ ಕರೆಂಟು ಹೆಚ್ಚಾಗಿಲ್ಲ, ವೋಲ್ಟೇಜು ಹೆಚ್ಚಾಗಿದೆ.

ನಿಮ್ಮ ಮನೆಯಲ್ಲಿ ಗೀಸರ್ ಹಾಕಿದಾಗ ಒಂದು ಕೋಣೆಯ ಲೈಟು ಮಂಕಾಗಿ, ಇನ್ನೊಂದು ಕೋಣೆಯ ಲೈಟು ಜಾಸ್ತಿ ಬೆಳಗಿತು ಅಂದುಕೊಳ್ಳಿ. ಇದೇ ಆ ಲಕ್ಷಣ. ಆ ಕ್ಷಣವೇ ಮೇನ್ ಆಫ್ ಮಾಡಿ. ಎಲ್ಲ ಲೈಟೂ ಒಟ್ಟಿಗೆ ಮಂಕಾದರೆ ಇಷ್ಟು ಗಾಬರಿ ಬೇಡ, ಅದು ವೋಲ್ಟೇಜ್ ಇಳಿತ. ಸಡಿಲ ಜಾಗ ಮೀಟರ್‌ಗಿಂತ ಹಿಂದೆ, ಅಂದರೆ ಕಂಬದ ಕಡೆ ಇದ್ದರೆ ಅದು ನಮ್ಮ ಕೆಲಸವಲ್ಲ. ಸೀಲ್ ಒಡೆಯಬೇಡಿ, ಲೈನ್‌ಮನ್‌ರನ್ನು ಕರೆಯಿರಿ.

ಆರ್ ಫೇಸ್‌ನ ವೋಲ್ಟೇಜ್ ಕೂಡ ಅಳೆದಿದ್ದೆ. ಲೋಡ್ ಇಲ್ಲದಾಗ 231, ಎಲ್ಲ ಹಾಕಿದಾಗ 219. ಕಂಬದಿಂದ ಮನೆಗೆ 35 ಮೀಟರ್, 10 ಚದರ ಮಿಲಿಮೀಟರ್‌ನ ಅಲ್ಯೂಮಿನಿಯಂ ಆರ್ಮರ್ಡ್ ಕೇಬಲ್. ಆ ಕೇಬಲ್‌ನ ಒಂದು ಎಳೆಯ ರೆಸಿಸ್ಟೆನ್ಸ್ ಸುಮಾರು 0.11 ಓಮ್. ಫೇಸ್‌ನಲ್ಲಿ 50 ಹೋಗುತ್ತಾ ಐದೂವರೆ ವೋಲ್ಟ್ ನುಂಗಿತು, ನ್ಯೂಟ್ರಲ್‌ನಲ್ಲಿ 43 ಬರುತ್ತಾ ಇನ್ನೂ ನಾಲ್ಕೂಮುಕ್ಕಾಲು. ಉಳಿದದ್ದು ಆ ಸಡಿಲ ಸ್ಕ್ರೂ ಮತ್ತು ಕಂಬದ ಆಚೆ.

63 ಹಾಕಿದ್ದರೆ?

ಜನ ಮೂರು ಬೇರೆ ಬೇರೆ ವಿಷಯವನ್ನು ಒಟ್ಟಿಗೆ "ಸರ್ವಿಸ್" ಅಂತ ಕರೆಯುತ್ತಾರೆ. ಒಂದು, ಬಿಲ್ ಮೇಲೆ ಇರುವ ಮಂಜೂರಾದ ಲೋಡ್. ಅದು ನೀವೂ ವಿದ್ಯುತ್ ಕಂಪನಿಯೂ ಮಾಡಿಕೊಂಡ ಒಪ್ಪಂದ. ತಿಂಗಳ ನಿಗದಿತ ಶುಲ್ಕ ಆ ಕಿಲೋವ್ಯಾಟ್ ಮೇಲೆ ಬೀಳುತ್ತದೆ. ಎರಡು, ಮೇನ್ ಎಂಸಿಬಿಯ ರೇಟಿಂಗ್. ಮೂರು, ಕೇಬಲ್‌ನ ದಪ್ಪ. ಎಂಸಿಬಿ ಇರುವುದು ಕೇಬಲ್ ಕಾಯಲು. 10 ಚದರದ ಆ ಅಲ್ಯೂಮಿನಿಯಂ ಕೇಬಲ್ 45 ಆಂಪಿಯರ್ ಆಸುಪಾಸಿನದು. ಅದರ ಮೇಲೆ 63 ಕೂರಿಸಿದರೆ 70 ಆಂಪಿಯರ್ ಓಡಿದರೂ ಎಂಸಿಬಿ ಅಲ್ಲಾಡುವುದಿಲ್ಲ. ಕೇಬಲ್ ಗೋಡೆಯೊಳಗೆ ಕುದಿಯುತ್ತಿರುತ್ತದೆ. ಮದುವೆ ಮನೆಯಲ್ಲಿ ಕರೆಂಟು ಹೋಗಲಿಲ್ಲ ಅಂತ ಎಲ್ಲರೂ ಖುಷಿಯಾಗಿರುತ್ತಿದ್ದರು, ಆ ನ್ಯೂಟ್ರಲ್ ಸ್ಕ್ರೂ ಬೆಂಕಿ ಹಿಡಿಯುವ ತನಕ. ಆ ವೈರ್‌ಮನ್ ಕೆಟ್ಟವನಲ್ಲ. ಗಿರಾಕಿ ಅವಸರ ಮಾಡಿದರೆ ಎಲ್ಲರೂ ಹೇಳುವ ಮಾತು ಅದು.

ಹಂಚಿದ್ದು ಹೀಗೆ

ಅದೃಷ್ಟಕ್ಕೆ ಗೀಸರ್‌ಗಳ ವೈರ್ ಎಲ್ಲ ಬೇರೆ ಬೇರೆಯಾಗಿ ಡಿಬಿಗೇ ಬಂದಿದ್ದವು. ಒಂದು ಗೀಸರ್ ವೈ ಸಾಲಿಗೆ, ಇನ್ನೊಂದು ಬಿ ಸಾಲಿಗೆ ಹೋಯಿತು. ವಾಷಿಂಗ್ ಮೆಷಿನ್, ಮೋಟಾರ್ ಎರಡೂ ಬಿ ಸಾಲಿಗೆ. ಇಂಡಕ್ಷನ್ ಆರ್‌ನಲ್ಲೇ ಉಳಿಯಿತು. ಗೋಡೆ ಒಡೆಯಲಿಲ್ಲ, ಒಂದು ಮೀಟರ್ ಹೊಸ ವೈರ್ ಕೂಡ ಬೇಕಾಗಲಿಲ್ಲ.

ಇಲ್ಲಿ ನಾನೇ ಒಂದು ಎಡವಟ್ಟು ಮಾಡಿದೆ. ಈ ಡಿಬಿಯಲ್ಲಿ ಫೇಸ್‌ಗೊಂದು ಆರ್‌ಸಿಸಿಬಿ ಇದೆ. ಮೊದಲ ಗೀಸರ್‌ನ ಫೇಸ್ ವೈರ್ ಮಾತ್ರ ವೈ ಸಾಲಿಗೆ ಕೊಟ್ಟು, ನ್ಯೂಟ್ರಲ್ ಆರ್‌ನ ಲಿಂಕ್‌ನಲ್ಲೇ ಬಿಟ್ಟೆ. ಸ್ವಿಚ್ ಹಾಕಿದ ತಕ್ಷಣ ಎರಡೂ ಆರ್‌ಸಿಸಿಬಿ ಟಪ್ ಟಪ್. ಒಂದರಿಂದ ಹೊರಟ ಕರೆಂಟು ಇನ್ನೊಂದರ ಮೂಲಕ ವಾಪಸ್ ಬಂದರೆ ಎರಡಕ್ಕೂ ಅದು ಸೋರಿಕೆಯ ಹಾಗೇ ಕಾಣುತ್ತದೆ. ಫೇಸ್ ಬದಲಾಯಿಸಿದರೆ ಅದರ ನ್ಯೂಟ್ರಲ್ ಕೂಡ ಜೊತೆಗೇ ಹೋಗಬೇಕು. ಇಪ್ಪತ್ತು ವರ್ಷ ಅಂತ ಮೇಲೆ ಬರೆದವನಿಗೆ ಇದು ಗೊತ್ತಿರಬೇಕಿತ್ತು, ಅಲ್ವಾ?

ಮತ್ತೆ ಎಲ್ಲ ಹಾಕಿ ಅಳೆದೆ. ಆರ್ 19, ವೈ 20, ಬಿ 25. ನ್ಯೂಟ್ರಲ್ 43ರಿಂದ 6ಕ್ಕೆ ಇಳಿಯಿತು. ಆರ್‌ನ ವೋಲ್ಟೇಜ್ 228ರಲ್ಲಿ ನಿಂತಿತು. ಒಂದು ಗಂಟೆ ಬಿಟ್ಟು ಎಂಸಿಬಿಯ ಮೈ ಮುಟ್ಟಿದೆ, ಬೆಚ್ಚಗೂ ಇರಲಿಲ್ಲ. ನ್ಯೂಟ್ರಲ್ ವೈರ್‌ನ ಸುಟ್ಟ ತುದಿ ಕತ್ತರಿಸಿ, ಹೊಸ ಲಗ್ ಹಾಕಿ ಬಿಗಿ ಮಾಡಿದ್ದೆ.

ಇದೇ ಲಕ್ಷಣಕ್ಕೆ ಇನ್ನೊಂದು ಕಳ್ಳ ಕಾರಣ ಇದೆ. ಹಳೇ ಮನೆಗಳಲ್ಲಿ ಮೀಟರ್ ಬೋರ್ಡ್ ಪಕ್ಕ ಫೇಸ್ ಚೇಂಜರ್ ಇರುತ್ತದೆ. ಒಂದು ಫೇಸ್ ಹೋದ ರಾತ್ರಿ ಯಾರೋ ಅದನ್ನು ತಿರುಗಿಸಿ ಇನ್ನೊಂದರ ಮೇಲೆ ಹಾಕಿರುತ್ತಾರೆ. ಬೆಳಿಗ್ಗೆ ಕರೆಂಟು ಬಂದರೂ ವಾಪಸ್ ತಿರುಗಿಸುವುದಿಲ್ಲ. ಒಂದು ಮನೆಯಲ್ಲಿ ಹಾಗೇ ಆರು ತಿಂಗಳು ಎರಡು ಫೇಸ್‌ನ ಲೋಡ್ ಒಂದರ ಮೇಲೆ ಓಡಿತ್ತು. ನಾನು ಡಿಬಿ ಪೂರ್ತಿ ಬಿಚ್ಚಿ ಹುಡುಕಿ, ಕೊನೆಗೆ ನೀರು ಕುಡಿಯಲು ಹೊರಗೆ ಬಂದಾಗ ಆ ಗುಬುಟು ಕಣ್ಣಿಗೆ ಬಿತ್ತು.

ಹಾಗಾದರೆ ಲೋಡ್ ಹೆಚ್ಚಿಸಬೇಕಾ?

ಈಗ ಈ ಪ್ರಶ್ನೆ ಕೇಳಬಹುದು. ಮನೆಯ ಎಲ್ಲ ಸಾಮಾನಿನ ವ್ಯಾಟ್ ಕೂಡಿಸಿದರೆ ಭಾವನ ಮನೆಯಲ್ಲಿ 28 ಕಿಲೋವ್ಯಾಟ್ ದಾಟುತ್ತದೆ. ಆ ಅಂಕಿ ಹಿಡಿದು ಸರ್ವಿಸ್ ತಗೊಂಡರೆ ಸುಮ್ನೆ ತಿಂಗಳು ತಿಂಗಳು ದುಡ್ಡು ಕಟ್ಟುತ್ತಿರಬೇಕು. ಗೀಸರ್ ಓಡುವ ಹೊತ್ತಿಗೆ ಏಸಿ ಓಡುವುದಿಲ್ಲ. ನಾನು ನೋಡುವುದು ದಿನದ ಎರಡು ಅತಿ ಕೆಟ್ಟ ಅರ್ಧ ಗಂಟೆಗಳನ್ನು. ಬೆಳಿಗ್ಗೆಯದು ಒಂದು, ಬೇಸಿಗೆ ರಾತ್ರಿಯದು ಒಂದು. ಬಿಲ್‌ನಲ್ಲಿ ಎಂಡಿ (ಆ ತಿಂಗಳ ಗರಿಷ್ಠ ಬೇಡಿಕೆ) ಅಂತ ಬರುವ ಅಂಕಿಯೂ ಕ್ಷಣದ ಏಟಲ್ಲ, ಹದಿನೈದು ನಿಮಿಷ ಅಥವಾ ಅರ್ಧ ಗಂಟೆಯ ಸರಾಸರಿ. ಹಳೇ ಬಿಲ್‌ಗಳನ್ನು ಹರಡಿಕೊಂಡು ಕೂತೆವು. ಮಾಮೂಲಿ ತಿಂಗಳುಗಳಲ್ಲಿ 7, 8 ಕಿಲೋವ್ಯಾಟ್. ಅಂದರೆ ಮಂಜೂರಾದ 10ರ ಒಳಗೇ.

ಆದರೆ ಅಕ್ಕನ ಅಳಿಯ ಎಲೆಕ್ಟ್ರಿಕ್ ಕಾರು ಬುಕ್ ಮಾಡಿದ್ದರು. ಅದರ ಜೊತೆ ಬರುವ ಚಾರ್ಜರ್ 7.2 ಕಿಲೋವ್ಯಾಟ್, ಸಿಂಗಲ್ ಫೇಸ್. ಅದೊಂದೇ 31 ಆಂಪಿಯರ್. ಗೀಸರ್ ಹದಿನೈದಿಪ್ಪತ್ತು ನಿಮಿಷಕ್ಕೆ ತಾನೇ ಆಫ್ ಆಗುತ್ತದೆ, ಇದು ಗಂಟೆಗಟ್ಟಲೆ ಬಿಡದೆ ಎಳೆಯುತ್ತದೆ. ಒಂದು ಏಸಿಗೆ 7, ಲೈಟು ಫ್ಯಾನಿಗೆ 2 ಸೇರಿಸಿದರೆ ಆ ಫೇಸ್ 40ಕ್ಕೆ ನಿಲ್ಲುತ್ತದೆ. 32ರ ಮೇನ್ ಸಾಲುವುದಿಲ್ಲ. 40ಕ್ಕೆ ಏರಿಸಿದರೂ ಅಂಚಿನಲ್ಲೇ. ಇಲ್ಲಿ ಮಾತ್ರ "ಸರ್ವಿಸ್ ಸಾಲದು" ಅನ್ನುವುದು ನಿಜವಾದ ಮಾತು. ಆ ವೇಗ ಬೇಕೇಬೇಕು ಅಂದರೆ ಕೇಬಲ್, ಮೇನ್, ಮಂಜೂರಾತಿ ಮೂರನ್ನೂ ಒಟ್ಟಿಗೆ ಏರಿಸಬೇಕು.

ಅಳಿಯನನ್ನು ಕೇಳಿದೆ, "ದಿನಕ್ಕೆ ಎಷ್ಟು ಕಿಲೋಮೀಟರ್ ಓಡಿಸ್ತೀರಿ?" ನಲವತ್ತು ಅಂದರು. ಚಾರ್ಜರನ್ನು 16 ಆಂಪಿಯರ್‌ಗೆ ಸೆಟ್ ಮಾಡಿದರೆ ಗಂಟೆಗೆ 3.7 ಯೂನಿಟ್, ರಾತ್ರಿ ಆರು ಗಂಟೆಯಲ್ಲಿ 22 ಯೂನಿಟ್. ನಲವತ್ತು ಕಿಲೋಮೀಟರ್‌ಗೆ ಧಾರಾಳ. ಆಗ ಆ ಫೇಸ್ 25ಕ್ಕೆ ನಿಲ್ಲುತ್ತದೆ. ಹನ್ನೊಂದು ಗಂಟೆ ಆದ ಮೇಲೆ ಶುರುವಾಗುವ ಹಾಗೆ ಟೈಮರ್ ಇಟ್ಟೆವು. ನಾಲ್ಕು ಏಸಿಯೂ ಜೊತೆಗೆ ಓಡುವ ಬೇಸಿಗೆ ರಾತ್ರಿಗೆ ಲೆಕ್ಕ ಹನ್ನೊಂದೂವರೆ ಕಿಲೋವ್ಯಾಟ್ ಆಸುಪಾಸು ಬಂತು. ಹಾಗಾಗಿ ಮಂಜೂರಾದ ಲೋಡ್ 10ರಿಂದ 12ಕ್ಕೆ ಏರಿಸಲು ಲೈಸೆನ್ಸ್ ಇರುವ ಕಂಟ್ರಾಕ್ಟರ್ ಕಡೆಯಿಂದ ಅರ್ಜಿ ಹಾಕಿಸಿದೆವು. ಮೇನ್ 32, ಕೇಬಲ್ ಹಳೆಯದೇ.

ಹೊರಡುವ ಮೊದಲು ಡಿಬಿಯ ಬಾಗಿಲ ಒಳಗೆ ಒಂದು ಕಾಗದ ಅಂಟಿಸಿದೆ. ಯಾವ ಎಂಸಿಬಿ ಯಾವ ಫೇಸ್, ಅಂದು ಅಳೆದ ಆಂಪಿಯರ್, ತಾರೀಖು. ಅಕ್ಕ ಅದರ ಕೆಳಗೆ ಪೆನ್ಸಿಲ್‌ನಲ್ಲಿ ತಾವೇ ಒಂದು ಸಾಲು ಬರೆದಿದ್ದಾರೆ: "63 ಹಾಕಬಾರದು."